ಗಟ್ಟಿಯಾದದ್ದೆಲ್ಲ ಕೆಟ್ಟದ್ದಲ್ಲ

ನಮ್ಮಕ್ಕನ ಮೊಮ್ಮಗಳು ಮೊನ್ನೆ ಒಂದು ಕಾರ್ಖಾನೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದಳು. ಸೇರುವ ಹಿಂದಿನ ದಿನ ಮನೆಗೆ ಬಂದು, "ಅಜ್ಜಿ, ನೀವು ಅಷ್ಟು ವರ್ಷ ಲ್ಯಾಬಲ್ಲೇ ಇದ್ರಲ್ಲ, ದಿನಾ ಏನ್ ಮಾಡ್ತಿದ್ರಿ ಅಲ್ಲಿ" ಎಂದು ಕೇಳಿದಳು. "ಕೆಟ್ಟಿದೆಯೋ ಇಲ್ವೋ ಅಂತ ನೋಡ್ತಿದ್ದೆ ಕಣೇ" ಎಂದೆ. ಅವಳು ನಕ್ಕಳು. ನಗಲಿ. ಆ ಒಂದು ಪ್ರಶ್ನೆಗೆ ಧೈರ್ಯವಾಗಿ ಉತ್ತರ ಹೇಳುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದು ಟಿನ್ನು ಸುಟ್ಟಿದ್ದೆ, ಒಬ್ಬ ಮ್ಯಾನೇಜರ ಹತ್ತಿರ ಬೇಕಾದಷ್ಟು ಬೈಸಿಕೊಂಡಿದ್ದೆ. ಅದನ್ನೆಲ್ಲ ಅವಳಿಗಾಗಿ, ಅವಳಂಥವರಿಗಾಗಿ ಬರೆದಿಡುತ್ತಿದ್ದೇನೆ. ಬಡ್ತಿಯ ಕಥೆ ಇಲ್ಲಿಲ್ಲ. ಅದು ಎಲ್ಲರಿಗೂ ಬರುವ ಹಾಗೆ ತಡವಾಗಿ ನನಗೂ ಬಂತು, ಅಷ್ಟೇ.

ಕಾಲೇಜಿನಲ್ಲಿ ಈ ವಿಷಯ ಎರಡು ಮಾರ್ಕಿನ ಪ್ರಶ್ನೆ. ಮಂಜುಗಡ್ಡೆ ಕರಗಿದರೆ ಭೌತಿಕ ಬದಲಾವಣೆ, ವಸ್ತು ಅದೇ, ರೂಪ ಬೇರೆ. ಕಬ್ಬಿಣ ತುಕ್ಕು ಹಿಡಿದರೆ ರಾಸಾಯನಿಕ ಬದಲಾವಣೆ, ವಸ್ತುವೇ ಬೇರೆಯಾಯಿತು. ಬರೆದೆ, ಮಾರ್ಕು ಬಂತು, ಮರೆತೆ. ಫ್ಯಾಕ್ಟರಿಯಲ್ಲಿ ಯಾವ ವಸ್ತುವೂ ನಾನು ಇಂಥದ್ದು ಎಂದು ಚೀಟಿ ಅಂಟಿಸಿಕೊಂಡು ಬರುವುದಿಲ್ಲ ಎನ್ನುವುದನ್ನು ಮೇಷ್ಟ್ರು ಹೇಳಿರಲಿಲ್ಲ.

ಎಂಬತ್ತರ ದಶಕದ ಶುರು. ಎಲೆಕ್ಟ್ರಾನಿಕ್ ಸಿಟಿ ಎನ್ನುವ ಹೆಸರು ದೊಡ್ಡದಿತ್ತು, ಜಾಗದಲ್ಲಿ ಒಂದಷ್ಟು ಶೆಡ್ಡುಗಳು, ನಡುವೆ ರಾಗಿ ಹೊಲ, ನೀಲಗಿರಿ ತೋಪು. ನಾನು ಸಿಂಗಸಂದ್ರದಿಂದ ಹೊಸೂರು ರಸ್ತೆಯ ಬಸ್ಸು ಹಿಡಿದು ಬರುತ್ತಿದ್ದೆ. ನಮ್ಮದು ಟೆಲಿಫೋನ್ ಉಪಕರಣಗಳಿಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಮಾಡುವ ಕಾರ್ಖಾನೆ. ತಾಮ್ರದ ತಂತಿ ಸುತ್ತಿದ ಕಾಯಿಲನ್ನು ಒಂದು ಡಬ್ಬಿಯೊಳಗೆ ಕೂರಿಸಿ, ಮೇಲೆ ರೆಸಿನ್ ಸುರಿಯುವುದು. ರೆಸಿನ್ ಎಂದರೆ ಜೇನುತುಪ್ಪದ ಹಾಗಿರುವ ಒಂದು ದ್ರವ. ಅದರ ಜೊತೆಗಾರ ಹಾರ್ಡನರ್, ತೆಳ್ಳಗೆ ನೀರಿನ ಹಾಗೆ, ಮೂಗಿಗೆ ಚುರ್ರೆನ್ನುವ ವಾಸನೆ. ಬೇರೆ ಬೇರೆ ಇಟ್ಟರೆ ಎರಡೂ ತಮ್ಮ ಪಾಡಿಗೆ ವರ್ಷಗಟ್ಟಲೆ ಇರುತ್ತವೆ. ಅಳತೆಗೆ ಸರಿಯಾಗಿ ಬೆರೆಸಿದರೆ ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಕಲ್ಲಾಗುತ್ತದೆ. ಆಮೇಲೆ ಏನು ಮಾಡಿದರೂ ಅದು ರೆಸಿನ್ನೂ ಅಲ್ಲ, ಹಾರ್ಡನರ್ರೂ ಅಲ್ಲ. ಇದಕ್ಕೆ ನಾವು ಸೆಟ್ ಆಗುವುದು ಎನ್ನುತ್ತಿದ್ದೆವು.

ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎಡವಟ್ಟು ಮಾಡಿದೆ. ಸೇರಿ ಮೂರು ತಿಂಗಳಾಗಿರಬೇಕು. ಒಂದು ಟ್ರಯಲ್‌ಗೆಂದು ಒಂದು ಕಿಲೋ ರೆಸಿನ್ನಿಗೆ ಹಾರ್ಡನರ್ ಬೆರೆಸಿ, ಒಂದೇ ಟಿನ್ನಿನಲ್ಲಿಟ್ಟು, ಊಟಕ್ಕೆ ಹೋದೆ. ಬಂದು ನೋಡಿದರೆ ಮಂದವಾಗಿದೆ. ನನ್ನ ತಲೆಗೆ ಏನು ಬಡಿದಿತ್ತೋ, ತಣ್ಣಗಾಗಿ ಮಂದವಾಗಿದೆ, ಸ್ವಲ್ಪ ಬಿಸಿ ಮಾಡಿದರೆ ಸಡಿಲವಾಗುತ್ತದೆ ಎಂದುಕೊಂಡು ಹಾಟ್ ಪ್ಲೇಟ್ ಮೇಲಿಟ್ಟೆ. ಟಿನ್ನನ್ನು ಕೈಯಲ್ಲಿ ಮುಟ್ಟಿ ನೋಡಿದ್ದರೆ ಅದು ಆಗಲೇ ತಾನೇ ತಾನಾಗಿ ಸುಡುತ್ತಿತ್ತು ಎಂದು ತಿಳಿಯುತ್ತಿತ್ತು. ಬೆರೆತ ಮೇಲೆ ಒಳಗೇ ಕಾವು ಹುಟ್ಟುತ್ತದೆ, ಅದೇ ದೊಡ್ಡ ಸುಳಿವು. ನಾನು ಆ ಕಾವಿನ ಮೇಲೆ ಇನ್ನಷ್ಟು ಕಾವು ಕೊಟ್ಟೆ. ಎರಡು ನಿಮಿಷಕ್ಕೆ ಹಳದಿ ಹೊಗೆ ಎದ್ದಿತು. ಒಳಗಿದ್ದದ್ದು ಉಬ್ಬಿ, ಚಟಚಟ ಬಿರುಕು ಬಿಟ್ಟು, ಕಂದು ಬಣ್ಣಕ್ಕೆ ತಿರುಗಿತು. ಕಾಯಿಲ್ ಸುತ್ತುವ ಹೆಣ್ಣುಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು.

ವರ್ಕ್ಸ್ ಮ್ಯಾನೇಜರ್ ಶ್ರೀನಿವಾಸ ರಾಯರು ಕರ್ಚೀಫು ಹಿಡಿದುಕೊಂಡೇ ಒಳಗೆ ಬಂದರು. "ಏನ್ರೀ ಲಲಿತಾ, ಇದೇನ್ ಅಡುಗೆ ಮನೆ ಅಂದ್ಕೊಂಡ್ರಾ" ಎಂದು ಎಲ್ಲರೆದುರಿಗೆ ಕೇಳಿದರು. ನಾನು ಬಚ್ಚಲಿಗೆ ಹೋಗಿ ಅತ್ತೆ. ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂದು, ಮುಖ ತೊಳೆದುಕೊಂಡು ಬಂದೆ.

ಆ ಹೊತ್ತಿನಲ್ಲಿ ಟಿನ್ನು ಎತ್ತಿ ಹೊರಗೆ ಹಾಕಲು ಬಂದವರು ಮುನಿಯಮ್ಮ. ರೆಸಿನ್ ಬೆರೆಸುವ ಕೋಣೆಯ ಕೆಲಸ ಅವರದು. ಬೇಗೂರಿನ ಕಡೆಯವರು, ಒಕ್ಕಲುತನದ ಮನೆ, ನಲವತ್ತರ ಆಸುಪಾಸು. ಓದು ಬರಹ ಇಲ್ಲ. ಆದರೆ ತಕ್ಕಡಿಯ ಮುಂದೆ ನಿಂತರೆ ಅವರ ಕೈ ಹೆಚ್ಚು ಕಡಿಮೆ ಆದದ್ದನ್ನು ನಾನು ನೋಡಿಲ್ಲ. ಅವರು ಸುಟ್ಟ ಟಿನ್ನನ್ನು ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದರು. "ಅಮ್ಮಣ್ಣಿ, ಮೊಸ್ರ ಕಾಸಿದ್ರೆ ತಿರ್ಗಾ ಆಲಾಯ್ತದಾ?"

ಬಿ.ಎಸ್ಸಿ. ಮಾಡಿದ್ದು ನಾನು. ಉತ್ತರ ಹೇಳಿದ್ದು ಅವರು. ಅವತ್ತಿನಿಂದ ನಾನು ಅವರನ್ನು ಮುನಿಯಮ್ಮನೋರೇ ಎಂದೇ ಕರೆದೆ.

ಇನ್ನೊಂದು ಸಲ ಬೆಳ್ಳಿ ಲೇಪದ ಪುಟ್ಟ ಪಟ್ಟಿಗಳು ಬಂದಿದ್ದವು, ಸ್ವಿಚ್ಚಿಗೆ ಹಾಕುವಂಥವು. ಪ್ರತಿ ಕಟ್ಟಿನಲ್ಲೂ ನಡುವೆ ಒಂದು ಕಪ್ಪು ಗೆರೆ. ಒರೆಸಿದರೆ ಹೋಗುತ್ತದೆ, ಧೂಳು ಎಂದರು ಸ್ಟೋರಿನವರು. ಎರಡು ದಿನ ನಾಲ್ಕು ಜನ ಹೆಣ್ಣುಮಕ್ಕಳು ಬಟ್ಟೆ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ಧೂಳಾಗಿದ್ದರೆ ಹೋಗಬೇಕಿತ್ತಲ್ಲ. ಗೆರೆ ಸರಿಯಾಗಿ ಕಟ್ಟಿಗೆ ಹಾಕಿ ಬಂದಿದ್ದ ರಬ್ಬರ್ ಬ್ಯಾಂಡಿನ ಅಗಲಕ್ಕೆ ಇದೆ ಎಂದು ನನಗೆ ಹೊಳೆದದ್ದು ಮೂರನೆಯ ದಿನ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಅದು ಬೆಳ್ಳಿಯನ್ನು ಹಿಡಿದುಕೊಂಡಿದೆ. ಮನೆಯಲ್ಲಿ ಬೆಳ್ಳಿ ದೀಪ ಕಪ್ಪಾಗುವುದಿಲ್ಲವೇ, ಅದೇ ಜಾತಿ. ಅಲ್ಲಿ ಬೆಳ್ಳಿಯ ಮೇಲೆ ಕೊಳೆ ಕೂತಿರಲಿಲ್ಲ, ಬೆಳ್ಳಿಯೇ ಬೇರೆ ವಸ್ತುವಾಗಿತ್ತು. ಇನ್ನು ಮೇಲೆ ಹತ್ತಿ ದಾರದಲ್ಲಿ ಕಟ್ಟಿ ಕಳಿಸಿ ಎಂದು ಪಟ್ಟಿ ಕಳಿಸುವವರಿಗೆ ಬರೆದೆವು. ಗೆರೆ ಮತ್ತೆ ಬರಲಿಲ್ಲ. ಅವತ್ತು ರಾಯರು ಬೈಯಲಿಲ್ಲ. ಬೈಯಲಿಲ್ಲ ಎಂದರೆ ಮೆಚ್ಚಿದರು ಎಂದು ಅರ್ಥ ಮಾಡಿಕೊಳ್ಳಬೇಕಿತ್ತು.

ರಾಯರ ಬಗ್ಗೆ ಒಂದು ಮಾತು. ಕೆಟ್ಟ ಮನುಷ್ಯ ಅಲ್ಲ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬರುತ್ತಿದ್ದರು, ಕೆಲಸ ಬಲ್ಲವರು. ಆದರೆ ಅವರ ಲ್ಯಾಬು ಅವರ ಹೆಬ್ಬೆರಳಿನಲ್ಲಿತ್ತು. ಬಣ್ಣ ಒಣಗಿದೆಯೇ, ರಬ್ಬರ್ ಸರಿಯಿದೆಯೇ, ರೆಸಿನ್ ಸೆಟ್ ಆಗಿದೆಯೇ, ಎಲ್ಲಕ್ಕೂ ಉಗುರು ಒತ್ತಿ ನೋಡುವುದು. ಗುರುತು ಬಿದ್ದರೆ ಇಲ್ಲ, ಬೀಳದಿದ್ದರೆ ಹೌದು. ಆ ಕಾಲದಲ್ಲಿ ತುಂಬ ಕಡೆ ಹೀಗೇ ನಡೆಯುತ್ತಿತ್ತು. ನೂರಕ್ಕೆ ತೊಂಬತ್ತು ಸಲ ಉಗುರು ಸರಿಯಾಗಿಯೇ ಹೇಳುತ್ತಿತ್ತು, ಅದೇ ತೊಂದರೆ.

ನಾನು ಸೇರಿದ ಮೂರನೆಯ ವರ್ಷ ಡಿಸೆಂಬರಿನಲ್ಲಿ ಚಳಿ ಜೋರಾಗಿತ್ತು. ಬೆಳಗ್ಗೆ ಹೊಸೂರು ರಸ್ತೆಯಲ್ಲಿ ಎದುರಿಗೆ ಬರುವ ಲಾರಿ ಕಾಣುತ್ತಿರಲಿಲ್ಲ. ನಮ್ಮ ಹತ್ತಿರ ಉಳಿದಿದ್ದದ್ದು ರೆಸಿನ್ನಿನ ಒಂದೇ ಒಂದು ದೊಡ್ಡ ಡಬ್ಬ, ಇಪ್ಪತ್ತೈದು ಕಿಲೋದ್ದು. ಹೊರದೇಶದ ಮಾಲು, ಲೈಸೆನ್ಸಿನ ಮೇಲೆ ಬರಬೇಕು, ಮುಂದಿನದು ಬರಲು ತಿಂಗಳುಗಳು ಬೇಕು. ಅಷ್ಟರೊಳಗೆ ಒಂದು ದೊಡ್ಡ ಆರ್ಡರ್ ಮುಗಿಸಬೇಕಾಗಿತ್ತು. ಶನಿವಾರ ಮುನಿಯಮ್ಮ ಆ ಡಬ್ಬ ತೆರೆದು, ಬೇಕಾದಷ್ಟು ತೆಗೆದು, ಮುಚ್ಚಿಟ್ಟು ಹೋಗಿದ್ದರು. ಸೋಮವಾರ ಬೆಳಗ್ಗೆ ಮುಚ್ಚಳ ತೆಗೆದರೆ ಜೇನಿನ ಹಾಗಿದ್ದ ರೆಸಿನ್ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಕೋಲು ಇಳಿಯಲಿಲ್ಲ.

ರಾಯರು ಬಂದರು, ಉಗುರು ಒತ್ತಿದರು. ಗುರುತು ಬೀಳಲಿಲ್ಲ. "ಸೆಟ್ ಆಗೋಗಿದೆ" ಎಂದರು. ಸೆಟ್ ಆಗಬೇಕಾದರೆ ಹಾರ್ಡನರ್ ಬೀಳಬೇಕು. ಹಾರ್ಡನರ್ ತೆಗೆಯುವ ಮಗ್ಗು ರೆಸಿನ್ ಡಬ್ಬದ ಮುಚ್ಚಳದ ಮೇಲೆಯೇ ಇತ್ತು, ಸ್ಟೋರಿನವರೂ ನೋಡಿದ್ದರು. ಅಷ್ಟು ಸಾಕಾಯಿತು. ಹನ್ನೊಂದು ಗಂಟೆಗೆಲ್ಲ ಆಫೀಸಿನಲ್ಲಿ ಟೈಪ್‌ರೈಟರ್ ಸದ್ದು ಕೇಳಿಸಿತು.

ಮುನಿಯಮ್ಮ ಆ ಕಾಗದ ಹಿಡಿದುಕೊಂಡು ನೆಟ್ಟಗೆ ಲ್ಯಾಬಿಗೆ ಬಂದರು. "ಇದ್ರಾಗೇನೈತೆ ಓದಿ ಯೇಳಿ ಅಮ್ಮಣ್ಣಿ" ಎಂದರು.

ಇಂಗ್ಲಿಷಿನಲ್ಲಿತ್ತು. ಹಾರ್ಡನರ್ ಮಗ್ಗನ್ನು ರೆಸಿನ್ನಿಗೆ ಅದ್ದಿ ಅಮೂಲ್ಯ ಸಾಮಗ್ರಿ ಹಾಳು ಮಾಡಿದ್ದೀರಿ, ನಾಳೆ ಸಂಜೆಯೊಳಗೆ ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದು ಎಂದು. ನಾನು ಓದಿ ಹೇಳಿದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಮೂರು ವರ್ಷದಿಂದ ಟೆಂಪೊರರಿ. ಜನವರಿಯಲ್ಲಿ ಪರ್ಮನೆಂಟ್ ಮಾಡುವ ಪಟ್ಟಿಯಲ್ಲಿ ಅವರ ಹೆಸರಿತ್ತು. ಅವರ ಗಂಡ ತೀರಿಕೊಂಡಿದ್ದರು, ಹೊಲ ಮೈದುನರ ಪಾಲಾಗಿತ್ತು. ಮನೆಯಲ್ಲಿ ಅವರಿಗೆ ಒಂದು ಮಾತಿನ ಬೆಲೆ ಇದೆ ಎಂದರೆ ಅದು ಈ ಕೆಲಸದಿಂದ. ಇದು ನಮಗೆಲ್ಲ ಗೊತ್ತಿತ್ತು.

"ಮಗ್ಗ ಮುಚ್ಚಳದ ಮ್ಯಾಲೆ ಮಡಗಿದ್ದು ದಿಟ" ಎಂದರು. "ತೊಳ್ದು ಬೋರಲಾಕಿದ್ದೆ, ಒಣಗ್ಲಿ ಅಂತ. ಒಳೀಕ್ ಅದ್ದಿಲ್ಲ ಕಣಮ್ಮಾ. ಮೂರು ವರ್ಸದಾಗೆ ಒಂದ್ ದಿನ ಅಂಗ್ ಮಾಡಿಲ್ಲ. ನೀವಾದ್ರೂ ನಂಬ್ತೀರಾ?"

ನಂಬುತ್ತೇನೆ ಎಂದು ಹೇಳಿಬಿಡುವುದು ಸುಲಭವಾಗಿತ್ತು. ನನ್ನ ನಂಬಿಕೆಯಿಂದ ಅವರಿಗೆ ಏನೂ ಆಗಬೇಕಿರಲಿಲ್ಲ. ನಾನು ಎದ್ದು ಹೋಗಿ ಡಬ್ಬ ನೋಡಿದೆ.

ನೋಡಿದ ಕೂಡಲೇ ಮನಸ್ಸಿಗೆ ಏನೋ ಹೊಂದಲಿಲ್ಲ. ಹಾರ್ಡನರ್ ಬಿದ್ದು ಸೆಟ್ ಆದ ರೆಸಿನ್ ಗಾಜಿನ ಹಾಗೆ, ಕಂದು ಹಳದಿಯಾಗಿ, ಆಚೆಯದು ಕಾಣುವಂತಿರುತ್ತದೆ. ಇದು ಬೆಳ್ಳಗೆ, ಒಳಗೆಲ್ಲ ಹರಳು ಹರಳು. ಮೂಸಿದೆ, ಹಾರ್ಡನರ್ ವಾಸನೆ ಇಲ್ಲ. ಡಬ್ಬ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ಅವತ್ತು ಬೆಳಗ್ಗೆ ತಲೆ ಬಾಚಿಕೊಳ್ಳುವಾಗ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ, ಬಾಟಲನ್ನು ನೀರಿನ ಹಂಡೆಯ ಪಕ್ಕದಲ್ಲಿಟ್ಟು ಕರಗಿಸಿಕೊಂಡಿದ್ದೆ. ಎಣ್ಣೆ ಕೆಟ್ಟಿತು ಎಂದು ಯಾರಾದರೂ ಚೆಲ್ಲುತ್ತಾರೆಯೇ? ರೆಸಿನ್ನೂ ಚಳಿಗೆ ಹೀಗೆ ಹರಳುಗಟ್ಟಬಹುದು. ಕರಗಿಸಿದರೆ ಮತ್ತೆ ಅದೇ ರೆಸಿನ್. ಬರೀ ಭೌತಿಕ ಬದಲಾವಣೆ.

ಇರಬಹುದು. ಇದೆ ಎಂದು ತೋರಿಸಬೇಕಲ್ಲ. ರಾಯರ ಕೋಣೆಗೆ ಹೋಗಿ, "ಸಾರ್, ಅದು ಸೆಟ್ ಆಗಿಲ್ಲ ಅನ್ಸುತ್ತೆ. ಬಿಸಿ ಮಾಡಿ ನೋಡೋಣ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಬಿಸಿ ಮಾಡಿದ್ದು ಒಂದ್ಸಲ ನೋಡಿದೀನಿ ಲಲಿತಾ. ಸಾಕು."

ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಅವರು ಹೇಳಿದ್ದರಲ್ಲಿ ಅರ್ಧ ಸತ್ಯವೂ ಇತ್ತು. ಹಾರ್ಡನರ್ ನಿಜವಾಗಿ ಬಿದ್ದಿದ್ದರೆ, ಇಪ್ಪತ್ತೈದು ಕಿಲೋ ಡಬ್ಬವನ್ನು ಕಾಯಿಸಿದಾಗ ಆ ಒಂದು ಕಿಲೋ ಟಿನ್ನಿನ ಹೊಗೆ ಏನೂ ಅಲ್ಲ. ನಾನು ಹೇಳಿದೆ, "ಡಬ್ಬ ಬೇಡ ಸಾರ್. ಒಂದು ಚಮಚ. ನಿಮ್ಮ ಟೇಬಲ್ ಮೇಲೇ ಮಾಡ್ತೀನಿ."

"ಮಾಡಿ" ಎಂದರು. ಆ ಒಂದು ಮಾತಿಗೆ ನಾನು ಅವರ ಉಳಿದ ಬೈಗುಳವನ್ನೆಲ್ಲ ಮನ್ನಿಸಿದ್ದೇನೆ.

ಎರಡು ಗಾಜಿನ ನಳಿಗೆ ತಂದೆ. ಒಂದರಲ್ಲಿ ಡಬ್ಬದಿಂದ ಕೆರೆದು ತೆಗೆದ ಬಿಳಿ ಗಟ್ಟಿ. ಇನ್ನೊಂದರಲ್ಲಿ ಹಿಂದಿನ ವಾರ ನಿಜವಾಗಿ ಸೆಟ್ ಆದ ರೆಸಿನ್ನಿನ ಚೂರು. ನಳಿಗೆಗೆ ಹಾಕುವ ಮೊದಲು ಎರಡನ್ನೂ ರಾಯರೇ ಉಗುರಿನಲ್ಲಿ ಒತ್ತಿ ನೋಡಿದ್ದರು. ಉಗುರಿಗೆ ಎರಡೂ ಒಂದೇ. ಕ್ಯಾಂಟೀನಿನಿಂದ ಒಂದು ಜಗ್ಗು ಬಿಸಿನೀರು ತರಿಸಿ, ನಳಿಗೆಗಳನ್ನು ಅದರಲ್ಲಿ ನಿಲ್ಲಿಸಿದೆ. ಬಾಗಿಲಲ್ಲಿ ಮುನಿಯಮ್ಮ ನಿಂತಿದ್ದರು, ಒಳಗೆ ಬರಲಿಲ್ಲ. ಐದು ನಿಮಿಷ ಏನೂ ಆಗಲಿಲ್ಲ. ರಾಯರು ಫೈಲು ತೆರೆದುಕೊಂಡರು. ಆಮೇಲೆ ಮೊದಲನೆಯ ನಳಿಗೆಯಲ್ಲಿ, ಗಾಜಿನ ಅಂಚಿನಲ್ಲಿ, ಒಂದು ತೆಳ್ಳನೆಯ ತಿಳಿ ಗೆರೆ ಕಂಡಿತು. ಅದು ನಿಧಾನವಾಗಿ ಒಳಕ್ಕೆ ಹಬ್ಬಿತು. ಹದಿನೈದು ನಿಮಿಷದಲ್ಲಿ ಬಿಳಿ ಅನ್ನುವುದೇ ಇರಲಿಲ್ಲ. ನಳಿಗೆ ವಾಲಿಸಿದರೆ ಜೇನಿನ ಹಾಗೆ ಜಾರಿತು. ಎರಡನೆಯದು ಹಾಕಿದ ಹಾಗೇ ಕೂತಿತ್ತು.

"ಕರಗಿತು, ಸರಿ" ಎಂದರು ರಾಯರು. "ಕರಗಿದ್ದು ಕೆಲ್ಸ ಮಾಡುತ್ತಾ?"

ಒಳ್ಳೆಯ ಪ್ರಶ್ನೆ. ಮೇಲಿನವರು ಒಳ್ಳೆಯ ಪ್ರಶ್ನೆ ಕೇಳಿದರೆ ಮುಖ ಊದಿಸಿಕೊಳ್ಳಬೇಡಿ, ಕೆಲಸಕ್ಕೆ ಹೊಸದಾಗಿ ಬಂದವರಿಗೆ ಇದು ನನ್ನ ಬುದ್ಧಿಮಾತು. ಕರಗಿದ ಆ ಚಮಚಕ್ಕೆ ಅಳತೆಯಷ್ಟು ಹಾರ್ಡನರ್ ಬೆರೆಸಿ, ಒಂದು ಹಳೆಯ ಕಾಯಿಲಿನ ಮೇಲೆ ಸುರಿದು, ಅವರ ಬೀರುವಿನಲ್ಲೇ ಇಟ್ಟು ಬೀಗ ಹಾಕಿಸಿದೆ. ಮರುದಿನ ಬೆಳಗ್ಗೆ ಅವರೇ ತೆಗೆದರು. ಗಾಜಿನ ಹಾಗೆ ಸೆಟ್ ಆಗಿತ್ತು. ಟೆಸ್ಟಿಂಗಿನಲ್ಲಿ ಹೆಚ್ಚು ವೋಲ್ಟೇಜು ಕೊಟ್ಟರೂ ತಡೆದುಕೊಂಡಿತು.

"ಡಬ್ಬ ಪೂರ್ತಿ ಕರಗಿಸಿ ತೋರ್ಸಿ" ಎಂದರು. "ಅಲ್ಲೀವರೆಗೂ ಅವರು ಮಿಕ್ಸಿಂಗ್ ರೂಮಿಗೆ ಹೋಗೋದು ಬೇಡ."

ಮುನಿಯಮ್ಮನನ್ನು ಅಂಗಳ ಗುಡಿಸಲು ಕಳಿಸಿದರು. ನಾನು ಕಾಯಿಲ್ ಒಣಗಿಸುವ ಓವನ್ನಿನ ಕಾವನ್ನು ಅರವತ್ತು ಡಿಗ್ರಿಗೆ ಇಳಿಸಿ, ಒಂಬತ್ತು ಗಂಟೆಗೆ ಡಬ್ಬ ಒಳಗಿಟ್ಟೆ. ಮುಚ್ಚಳ ಸಡಿಲ ಬಿಟ್ಟು, ಪಕ್ಕದಲ್ಲಿ ಎರಡು ಬಕೆಟ್ ಮರಳು ಇಡಿಸಿದೆ. ಹೇಳುವುದಕ್ಕೆ ನಾಚಿಕೆಯಿಲ್ಲ, ಅವತ್ತು ನನಗೆ ಭಯವಿತ್ತು. ಮೇಲಿನದನ್ನು ಕೆರೆದು ನೋಡಿದ್ದೆ ಅಷ್ಟೇ. ತಳದಲ್ಲಿ ಎಲ್ಲಾದರೂ ಒಂದು ಹನಿ ಹಾರ್ಡನರ್ ಇದ್ದರೆ? ಊಟಕ್ಕೆ ಹೋಗಲಿಲ್ಲ. ಅರ್ಧ ಗಂಟೆಗೊಮ್ಮೆ ತೆರೆದು ಕೋಲು ಇಳಿಸಿ ನೋಡುವುದು. ಒಂದು ಗಂಟೆಗೆ ಸುತ್ತ ತಿಳಿಯಾಗಿತ್ತು, ನಡುವೆ ಬಿಳಿ ಗುಡ್ಡೆ. ಮೂರು ಗಂಟೆಗೆ ಗುಡ್ಡೆ ಅಳ್ಳಾಡಿತು. ಹೊರಗೆ ಅಂಗಳದಲ್ಲಿ ಪೊರಕೆಯ ಸದ್ದು ಗುಡಿಸಿದ ಜಾಗದಲ್ಲೇ ಮತ್ತೆ ಕೇಳುತ್ತಿತ್ತು.

ನಾಲ್ಕು ಗಂಟೆಗೆ ರಾಯರನ್ನು ಕರೆಸಿದೆ. ಅವರ ಹಿಂದೆ ಕಾಯಿಲ್ ಸುತ್ತುವ ಇಡೀ ವೈಂಡಿಂಗ್ ಸೆಕ್ಷನ್ ಬಂತು. ಮುಚ್ಚಳ ತೆಗೆದೆ. ತಳದಲ್ಲಿ ಅಚ್ಚೊತ್ತಿದ್ದ ಅಂಕಿಗಳು ರೆಸಿನ್ನಿನ ಮೂಲಕ ಓದಲು ಬರುತ್ತಿದ್ದವು. ರಾಯರು ಬಗ್ಗಿದರು. ಅಭ್ಯಾಸಬಲದಿಂದ ಹೆಬ್ಬೆರಳು ಮುಂದೆ ಬಂತು. ಒತ್ತುವುದಕ್ಕೆ ಏನೂ ಇರಲಿಲ್ಲ.

ನನಗೆ ಆಗ ಆದ ಸಂತೋಷವನ್ನು ಹೇಗೆ ಹೇಳಲಿ. ಆಮೇಲೆ ಬಡ್ತಿ ಬಂದಾಗ ಅದರ ಕಾಲು ಭಾಗ ಆಗಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ಯಾರೋ ನನ್ನ ಬೆನ್ನಿಗೆ ಗುದ್ದಿದರು. ಆ ಡಬ್ಬದಿಂದಲೇ ಆರ್ಡರ್ ಪೂರ್ತಿ ಹೋಯಿತು, ಒಂದೇ ಒಂದು ಕಾಯಿಲ್ ವಾಪಸ್ಸು ಬರಲಿಲ್ಲ. ಮುಂದಿನ ಚಳಿಗಾಲಕ್ಕೆ ರೆಸಿನ್ ಇಡುವ ಮೂಲೆಗೆ ರಾಯರೇ ಎರಡು ಬಲ್ಬು ಹಾಕಿಸಿದರು, ಬೆಚ್ಚಗಿರಲಿ ಎಂದು. ಗಟ್ಟಿಯಾದ ಯಾವ ಸಾಮಾನು ಬಂದರೂ ಮೊದಲು ಒಂದು ಚಮಚ ಬಿಸಿನೀರಿನಲ್ಲಿಟ್ಟು ನೋಡಬೇಕು, ಆಮೇಲೆ ಕರಗಿದ್ದನ್ನು ಕೆಲಸಕ್ಕೆ ಹಾಕಿ ನೋಡಬೇಕು, ಅದಾದ ಮೇಲೆಯೇ ಕಾಗದ ಬರೆಯಬೇಕು ಎನ್ನುವ ಪದ್ಧತಿ ಬಂತು. ನಾನು ನಿವೃತ್ತಳಾಗುವ ದಿನದವರೆಗೂ ಅದು ನಡೆಯಿತು. ಈಗ ಒಳ್ಳೊಳ್ಳೆಯ ಯಂತ್ರಗಳು ಬಂದಿವೆ, ಅಂಕಿ ತಾವೇ ತೋರಿಸುತ್ತವೆ. ತೋರಿಸಲಿ, ನೀವು ಆ ಚಮಚವನ್ನು ಬಿಡಬೇಡಿ.

ಅವತ್ತಿನ ನಾಲ್ಕು ಗಂಟೆಗೆ ವಾಪಸ್ಸು ಬರುತ್ತೇನೆ. ರಾಯರು ಅಂಗಳದ ಕಡೆ ತಿರುಗಿ, "ಮುನಿಯಮ್ಮ, ಪೊರಕೆ ಇಡಮ್ಮ. ಬಂದು ಮಿಕ್ಸಿಂಗ್ ಶುರು ಮಾಡು" ಎಂದರು.

ಮುನಿಯಮ್ಮ ಪೊರಕೆ ಇಟ್ಟರು. ಒಳಗೆ ಬಂದರು. ಡಬ್ಬದೊಳಗೆ ಬಗ್ಗಿ ನೋಡಿದರು. ಮಗ್ಗು ಮಾತ್ರ ಮುಟ್ಟಲಿಲ್ಲ. "ಆ ಕಾಗ್ದ, ಸಾರ್?" ಎಂದರು.

"ಅದು ಮುಗೀತಲ್ಲ."

"ನಂಗೆ ಓದಾಕ್ ಬರಾಕಿಲ್ಲ. ಮುಗ್ದಿದ್ದು ನಂಗೆಂಗ್ ಗೊತ್ತಾಯ್ತದೆ?"

ರಾಯರು ಆಫೀಸಿನಿಂದ ಫೈಲು ತರಿಸಿದರು. ತಮ್ಮ ಪ್ರತಿ ತೆಗೆದರು. ಮುನಿಯಮ್ಮ ಸೆರಗಿನ ಗಂಟಿನಿಂದ ತಮ್ಮದನ್ನು ತೆಗೆದು ಕೊಟ್ಟರು. ರಾಯರು ಎರಡನ್ನೂ ಸೇರಿಸಿ, ಎಲ್ಲರೆದುರಿಗೆ, ಅಡ್ಡ ಒಂದು ಸಲ, ಉದ್ದ ಒಂದು ಸಲ ಹರಿದು ಬುಟ್ಟಿಗೆ ಹಾಕಿದರು. "ತಪ್ಪು ನಂದು ಕಣಮ್ಮ" ಎಂದೂ ಹೇಳಿದರು. ನಮ್ಮ ಶೆಡ್ಡಿನಲ್ಲಿ ಮೇಲಿನವರ ಬಾಯಲ್ಲಿ ಆ ಮಾತು ಕೇಳಿದ್ದು ನಾನು ಅದೇ ಮೊದಲು.

ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ಹೊರಟೆವು. ಮುನಿಯಮ್ಮ ಹೊರಡಲಿಲ್ಲ. ಬುಟ್ಟಿಯ ಮುಂದೆ ಕೂತು, ಒಂದೊಂದೇ ಚೂರು ಆರಿಸಿ ಮಡಿಲಿಗೆ ಹಾಕಿಕೊಂಡರು. ಎದ್ದು ನೇರ ಕ್ಯಾಂಟೀನಿಗೆ ನಡೆದರು. ಸಂಜೆಯ ಕಾಫಿಗೆ ಸೌದೆ ಒಲೆ ಉರಿಯುತ್ತಿತ್ತು. ನಾನು ಹಿಂದೆಯೇ ಹೋದೆ, ರಾಯರೂ ಬಂದರು.

"ಹರ್ದಾಯ್ತಲ್ಲಮ್ಮ, ಇನ್ನೇನು" ಎಂದರು ರಾಯರು.

"ಅರ್ದಿದ್ದು ಕಾಗ್ದಾನೇ ಅಲ್ವಾ ಸಾರ್. ಯಾರಾದ್ರೂ ಅಂಟಿಸ್ಬೌದು" ಎಂದರು ಮುನಿಯಮ್ಮ. ಚೂರುಗಳನ್ನು ಒಲೆಗೆ ಹಾಕಿ, ಅವು ಸುರುಟಿಕೊಂಡು, ಕಪ್ಪಾಗಿ, ಬೂದಿಯಾಗಿ ಒಲೆಯ ಬೂದಿಯಲ್ಲಿ ಸೇರಿಹೋಗುವವರೆಗೂ ನಿಂತು ನೋಡಿದರು. ಆಮೇಲೆ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಸೆರಗಿನಲ್ಲಿ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ಈಗ ಯೇಳಿ ಅಮ್ಮಣ್ಣಿ, ಎಸ್ಟ್ ಕಿಲೋ ಬೆರಸ್ಬೇಕು?"